ಸಲಹೆ ಕೊಟ್ಟ ನೌಕರರಿಗೆ ಉತ್ತರ ಕೊಡುವವರು ಯಾರು? ಅಮೆರಿಕದ ‘ಸೇವ್ ಅವಾರ್ಡ್’ ನಿಂತ ಮೇಲಿನ ಪ್ರಶ್ನೆ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿದೆ. ಅಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರ ನಡೆಸುವ ಆಸ್ಪತ್ರೆ ಇದೆ. ದಾಖಲಾದ ರೋಗಿಗೆ ಉಸಿರಾಟದ ತೊಂದರೆ ಇದ್ದರೆ ಅಲ್ಲಿ ಇನ್‌ಹೇಲರ್ ಕೊಡುತ್ತಿದ್ದರು. ಕಣ್ಣಿನ ತೊಂದರೆ ಇದ್ದರೆ ಡ್ರಾಪ್ಸ್ ಬಾಟಲಿ ಕೊಡುತ್ತಿದ್ದರು. ಕೆಲವು ದಿನದಲ್ಲಿ ರೋಗಿ ಡಿಸ್ಚಾರ್ಜ್ ಆಗುವ ಹೊತ್ತಿಗೆ ಇನ್‌ಹೇಲರ್‌ನಲ್ಲಿ ಔಷಧಿ ಇನ್ನೂ ಉಳಿದಿರುತ್ತಿತ್ತು. ಅದನ್ನು ಕಸಕ್ಕೆ ಹಾಕುತ್ತಿದ್ದರು. ಅದೇ ರೋಗಿ ಮನೆಯಲ್ಲಿ ಅದೇ ಔಷಧಿ ಬಳಸಬೇಕಲ್ಲ, ಅದಕ್ಕೆ ಹೊಸದೊಂದನ್ನು ಸರ್ಕಾರದ ಖರ್ಚಿನಲ್ಲೇ ಕೊಡಬೇಕಾಗುತ್ತಿತ್ತು.

ಇದನ್ನು ದಿನಾ ನೋಡುತ್ತಿದ್ದ ಆ ಆಸ್ಪತ್ರೆಯ ಕಚೇರಿ ನೌಕರೆಯೊಬ್ಬರು 2009ರಲ್ಲಿ ಒಂದು ಸಲಹೆ ಬರೆದು ಕಳಿಸಿದರು. ಉಳಿದ ಔಷಧಿಯನ್ನು ರೋಗಿಯ ಕೈಗೇ ಕೊಟ್ಟು ಕಳಿಸಿ, ಅಷ್ಟೇ. ಅಧ್ಯಕ್ಷ ಒಬಾಮ ಆ ವರ್ಷ ಶುರುಮಾಡಿದ್ದ ‘ಸೇವ್ ಅವಾರ್ಡ್’ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದದ್ದು ಈ ಸಲಹೆಗೇ. ದೇಶದ ತುಂಬಾ 150ಕ್ಕೂ ಹೆಚ್ಚು ಆಸ್ಪತ್ರೆಗಳಿರುವ ಇಲಾಖೆ ಅದು. ಅಷ್ಟು ಕಡೆಯ ಡಾಕ್ಟರುಗಳು, ಫಾರ್ಮಸಿಸ್ಟ್‌ಗಳು, ಲೆಕ್ಕ ಪರಿಶೋಧಕರು ಎಲ್ಲರ ಕಣ್ಣ ಮುಂದೆಯೇ ನಡೆಯುತ್ತಿದ್ದ ನಷ್ಟ. ಅದು ಶ್ವೇತಭವನದವರೆಗೆ ಮುಟ್ಟಲು ಇಂಥದ್ದೊಂದು ಸ್ಪರ್ಧೆಯೇ ಬೇಕಾಯಿತು.

ಆ ಸ್ಪರ್ಧೆ ಈಗ ಇಲ್ಲ. 2013ರ ನಂತರ ಅದು ನಡೆಯಲೇ ಇಲ್ಲ. ನೌಕರರ ಸಲಹೆಗೆ ಬಹುಮಾನ ಕೊಡುವ ಯೋಜನೆಗಳು ಹೀಗೆ ನಿಲ್ಲುವುದು ಅಮೆರಿಕದಲ್ಲಿ ಹೊಸದೂ ಅಲ್ಲ, ಅಪರೂಪವೂ ಅಲ್ಲ. ನಿಲ್ಲಿಸುವವರ ಬಳಿ ಪ್ರತಿ ಸಲ ಒಂದಿಷ್ಟು ಒಳ್ಳೆಯ ಕಾರಣಗಳೂ ಇರುತ್ತವೆ. ಆ ಕಾರಣಗಳು ಎಷ್ಟು ಗಟ್ಟಿ, ಯೋಜನೆ ಹೋದಾಗ ನಿಜವಾಗಿ ಹೋಗುವುದೇನು ಎಂಬುದನ್ನು ಇಲ್ಲಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಮಾನ ಹೋದರೆ ದೊಡ್ಡ ನಷ್ಟವಿಲ್ಲ. ಸಲಹೆ ಬಂದರೆ ಅದನ್ನು ಓದಿ ಉತ್ತರ ಕೊಡಲೇಬೇಕು ಎಂಬ ಹೊಣೆ ಹೋಗುತ್ತದಲ್ಲ, ನಷ್ಟ ಇರುವುದು ಅಲ್ಲಿ.

ಸೇವ್ ಅವಾರ್ಡ್ ಹೇಗಿತ್ತು ಎಂಬುದನ್ನು ಸ್ವಲ್ಪ ತಿಳಿಯಬೇಕು. ಕೇಂದ್ರ ಸರ್ಕಾರದ ಯಾವ ನೌಕರರಾದರೂ ಆನ್‌ಲೈನ್‌ನಲ್ಲಿ ಸಲಹೆ ಹಾಕಬಹುದಿತ್ತು. ಶ್ವೇತಭವನದ ಬಜೆಟ್ ಕಚೇರಿ ಅವನ್ನು ಸೋಸುತ್ತಿತ್ತು. ಕೊನೆಗೆ ಉಳಿದ ನಾಲ್ಕಕ್ಕೆ ಸಾರ್ವಜನಿಕರೇ ಓಟು ಹಾಕುತ್ತಿದ್ದರು. ಗೆದ್ದವರಿಗೆ ನಗದು ಇರಲಿಲ್ಲ. ಅಧ್ಯಕ್ಷರ ಭೇಟಿಯೇ ಬಹುಮಾನ, ಜೊತೆಗೆ ಸಲಹೆಗೆ ಬಜೆಟ್‌ನಲ್ಲಿ ಜಾಗ. ಮೊದಲ ವರ್ಷ ಮೂರೇ ವಾರದಲ್ಲಿ 38 ಸಾವಿರಕ್ಕೂ ಹೆಚ್ಚು ಸಲಹೆಗಳು ಬಂದವು. ಹೇಳಬೇಕು ಅನ್ನಿಸಿದ್ದು ಜನರಲ್ಲಿ ಎಷ್ಟು ದಿನದಿಂದ ತುಂಬಿಕೊಂಡಿತ್ತು ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ.

2010ರಲ್ಲಿ ಗೆದ್ದವರು ವಿಸ್ಕಾನ್ಸಿನ್ ರಾಜ್ಯದವರು, ಕಾರಾಗೃಹ ಇಲಾಖೆಯ ನೌಕರೆ. ಅಮೆರಿಕ ಸರ್ಕಾರಕ್ಕೆ ‘ಫೆಡರಲ್ ರಿಜಿಸ್ಟರ್’ ಎಂಬ ದಿನಪತ್ರವಿದೆ, ನಮ್ಮ ರಾಜ್ಯಪತ್ರದ ಹಾಗೆ. ಹೊಸ ನಿಯಮ, ಕರಡು ನಿಯಮ, ಪ್ರಕಟಣೆ ಎಲ್ಲ ಅದರಲ್ಲೇ ಬರಬೇಕು. ಆ ವರ್ಷ ಅದರ ಒಟ್ಟು ಪುಟಗಳು 80 ಸಾವಿರದ ಆಸುಪಾಸಿನಲ್ಲಿದ್ದವು. ಅಷ್ಟೂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತಿತ್ತು. ಆದರೂ ಮುದ್ರಿತ ಪ್ರತಿ ಸಾವಿರಾರು ಸರ್ಕಾರಿ ಮೇಜುಗಳಿಗೆ ಅಂಚೆಯಲ್ಲಿ ಹೋಗುತ್ತಲೇ ಇತ್ತು. ದಪ್ಪ ಕಟ್ಟು ಬರುತ್ತದೆ, ಯಾರೂ ಬಿಚ್ಚುವುದಿಲ್ಲ, ರದ್ದಿಗೆ ಹೋಗುತ್ತದೆ, ಮರುದಿನ ಇನ್ನೊಂದು ಬರುತ್ತದೆ. ಇದನ್ನು ಕಳಿಸುವುದು ನಿಲ್ಲಿಸಿ ಅಂತ ಅವರು ಬರೆದರು.

2011ರದ್ದು ನಾಸಾದ ಗೊಡಾರ್ಡ್ ಕೇಂದ್ರದಿಂದ ಬಂದದ್ದು. ಒಂದು ಉಪಗ್ರಹ ಯೋಜನೆಗೆಂದು ದುಬಾರಿ ವಿಶೇಷ ಉಪಕರಣಗಳನ್ನು ಕೊಳ್ಳುತ್ತಾರೆ. ಯೋಜನೆ ಮುಗಿದ ಮೇಲೆ ಅವು ಕಪಾಟು ಸೇರುತ್ತವೆ. ಪಕ್ಕದ ತಂಡಕ್ಕೆ ಅದು ಅಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ, ಅವರು ಇನ್ನೊಂದು ಕೊಳ್ಳುತ್ತಾರೆ. ಲೈಬ್ರರಿಯಲ್ಲಿ ಪುಸ್ತಕ ಎರವಲು ಕೊಡುವಂತೆ ಉಪಕರಣಗಳನ್ನೂ ಕೊಡೋಣ ಎಂಬುದು ಸಲಹೆ. 2012ರಲ್ಲಿ ಶಿಕ್ಷಣ ಇಲಾಖೆಯ ನೌಕರರೊಬ್ಬರು ಬಸ್ಸು, ಮೆಟ್ರೊ ಪಾಸಿನ ವಿಚಾರ ಎತ್ತಿದರು. ಅಲ್ಲಿ ನೌಕರರ ಓಡಾಟದ ಖರ್ಚನ್ನು ಸರ್ಕಾರ ಭರಿಸುತ್ತದೆ. ಹಿರಿಯ ನಾಗರಿಕರಿಗೆ ರಿಯಾಯಿತಿ ದರವಿದ್ದರೂ ಹಿರಿಯ ನೌಕರರಿಗೆ ಸರ್ಕಾರ ಪೂರ್ತಿ ದರವನ್ನೇ ಕಟ್ಟುತ್ತಿತ್ತು.

ಈ ನಾಲ್ಕರಲ್ಲಿ ಒಂದಾದರೂ ಹೊಸ ಸಂಶೋಧನೆ ಅನ್ನಬಹುದಾ? ಇಲ್ಲ. ಆ ಕೆಲಸ ಮಾಡುವವರಿಗೆಲ್ಲ ಮೊದಲಿಂದ ಗೊತ್ತಿದ್ದ ಸಂಗತಿಗಳೇ. ಗೊತ್ತಿದ್ದದ್ದನ್ನು ಯಾರ ಮುಂದೆ ಹೇಳಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ.

ನಿಂತದ್ದರ ಸುಳಿವು ಅಂಕಿಗಳಲ್ಲಿ ಮೊದಲೇ ಕಾಣುತ್ತದೆ. ಎರಡನೇ ವರ್ಷ ಬಂದ ಸಲಹೆಗಳು 18 ಸಾವಿರದ ಚಿಲ್ಲರೆ. ಮೊದಲ ವರ್ಷದ ಅರ್ಧಕ್ಕಿಂತ ಕಡಿಮೆ. ಯಾಕೆ ಇಳಿಯಿತು ಎಂದು ಊಹಿಸುವುದು ಕಷ್ಟವಲ್ಲ. 38 ಸಾವಿರ ಸಲಹೆಗಳಲ್ಲಿ ಗೆದ್ದದ್ದು ಒಂದು, ಓಟಿನವರೆಗೆ ಬಂದದ್ದು ನಾಲ್ಕು. ಇನ್ನೂ ಹಲವರ ಸಲಹೆ ಬಜೆಟ್ ಪುಸ್ತಕ ಸೇರಿತು, ಅದು ನಿಜ. ಆದರೆ ಉಳಿದ ಸಾವಿರಾರು ಜನರು ‘ನನ್ನದು ಏನಾಯಿತು’ ಎಂದು ಕೇಳಿದರೆ ಒಬ್ಬೊಬ್ಬರಿಗೂ ಉತ್ತರ ಹೇಳುವಷ್ಟು ಜನ ಶ್ವೇತಭವನದ ಕಚೇರಿಯಲ್ಲಿ ಇರಲು ಸಾಧ್ಯವೇ ಇಲ್ಲ. ಸಲಹೆ ಕೊಟ್ಟು ಉತ್ತರ ಬಾರದವರು ಮುಂದಿನ ಸಲ ಸುಮ್ನೆ ಇರುತ್ತಾರೆ.

ಸೇವ್ ಅವಾರ್ಡ್ ಈ ಸಾಲಿನ ಮೊದಲ ಯೋಜನೆಯೇನಲ್ಲ. ಅಮೆರಿಕದಲ್ಲಿ ಇದರ ಬೇರು ನೂರು ವರ್ಷಕ್ಕೂ ಹಳೆಯದು. 1912ರಲ್ಲೇ ಸೇನೆಯ ಶಸ್ತ್ರಾಸ್ತ್ರ ಕಾರ್ಖಾನೆಗಳ ಕೆಲಸಗಾರರಿಗೆ ಸಲಹೆಗಾಗಿ ನಗದು ಕೊಡಲು ಸಂಸತ್ತು ಒಪ್ಪಿಗೆ ಕೊಟ್ಟಿತ್ತು. 1918ರಲ್ಲಿ ನೌಕಾಪಡೆಗೂ ಅದು ಬಂತು. 1954ರಲ್ಲಿ ನಾಗರಿಕ ನೌಕರರಿಗೆಲ್ಲ ಅನ್ವಯಿಸುವ ಕಾನೂನಾಯಿತು. ಆ ಕಾನೂನಿನ ಸಾರ ಇವತ್ತಿಗೂ ಅವರ ಸಂಹಿತೆಯ ಐದನೇ ಭಾಗದ 45ನೇ ಅಧ್ಯಾಯದಲ್ಲಿ ಹಾಗೇ ಇದೆ. ಇಲಾಖೆಯ ಮುಖ್ಯಸ್ಥರು 10 ಸಾವಿರ ಡಾಲರ್‌ವರೆಗೆ ತಾವೇ ಕೊಡಬಹುದು. ಸಿಬ್ಬಂದಿ ನಿರ್ವಹಣಾ ಕಚೇರಿ ಒಪ್ಪಿದರೆ 25 ಸಾವಿರದವರೆಗೆ ಹೋಗಬಹುದು. ಮಿಲಿಟರಿಯವರಿಗೆ ಬೇರೆ ಕಾನೂನು ಇದೆ, ಅಲ್ಲೂ ಮಿತಿ 25 ಸಾವಿರ.

ಈ ಕಾನೂನಿನಲ್ಲಿ ಗಮನಿಸಬೇಕಾದ ಎರಡು ಷರತ್ತುಗಳಿವೆ. ಒಂದು, ನಗದು ತೆಗೆದುಕೊಂಡರೆ ಆ ಸಲಹೆಯ ಮೇಲೆ ಮುಂದೆ ಸರ್ಕಾರದಿಂದ ಇನ್ನೇನನ್ನೂ ಕೇಳುವಂತಿಲ್ಲ. ಇನ್ನೊಂದು, ಸಲಹೆಯಿಂದ ಮುಖ್ಯವಾಗಿ ಯಾರಿಗೆ ಲಾಭವಾಯಿತೋ ಆ ಕಚೇರಿಯ ಹಣದಿಂದಲೇ ಬಹುಮಾನ ಕೊಡಬೇಕು. ಎರಡನೆಯದು ಕೇಳಲು ನ್ಯಾಯವಾಗಿದೆ. ನಡೆಸಲು ಹೋದರೆ ಅಲ್ಲೇ ತೊಡಕು ಶುರು.

ಲೆಕ್ಕ ಹೇಗೆ ಹಾಕುತ್ತಿದ್ದರು ಅಂತ ನೋಡಿದರೆ ಇದು ಅರ್ಥವಾಗುತ್ತದೆ. ರಕ್ಷಣಾ ಇಲಾಖೆ ಬಳಸಿದ ಪಟ್ಟಿಯಲ್ಲಿ ಮೊದಲ ವರ್ಷದ ಉಳಿತಾಯ 10 ಸಾವಿರ ಡಾಲರ್ ಒಳಗಿದ್ದರೆ ಅದರ ಶೇ. 10 ಬಹುಮಾನ. ಅಲ್ಲಿಂದ 1 ಲಕ್ಷದವರೆಗೆ, ಮೊದಲಿನ 1,000 ಡಾಲರ್ ಜೊತೆ ಹೆಚ್ಚುವರಿ ಉಳಿತಾಯದ ಶೇ. 3. ಒಂದು ಲಕ್ಷ ದಾಟಿದರೆ 3,700 ಡಾಲರ್, ಮೇಲಿನದಕ್ಕೆ ಶೇ. ಅರ್ಧ. ಅಂದರೆ 50 ಸಾವಿರ ಉಳಿಸಿದವರಿಗೆ 2,200 ಡಾಲರ್, 10 ಲಕ್ಷ ಉಳಿಸಿದವರಿಗೆ 8,200 ಡಾಲರ್. ಮೊತ್ತ ಪರವಾಗಿಲ್ಲ ಅನ್ನಿಸಬಹುದು. ಆದರೆ ಈ ಲೆಕ್ಕಕ್ಕೆ ಮೊದಲು ಯಾರೋ ಒಬ್ಬರು ಉಳಿತಾಯ ಇಷ್ಟು ಎಂದು ಬರೆದು ಸಹಿ ಹಾಕಬೇಕಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳಿ. ವಿಮಾನ ದುರಸ್ತಿ ಶೆಡ್‌ನ ಮೆಕ್ಯಾನಿಕ್ ಒಬ್ಬರು, ಒಂದು ಪಂಪನ್ನು ಪೂರ್ತಿ ಬದಲಿಸುವ ಬದಲು ಅದರ ಸೀಲ್ ಮಾತ್ರ ಬದಲಿಸಿದರೆ ಸಾಕು ಎಂದು ಬರೆಯುತ್ತಾರೆ. ಅದು ಮೊದಲು ಅವರ ಮೇಲ್ವಿಚಾರಕರ ಬಳಿ ಹೋಗುತ್ತದೆ. ಅವರು ಎಂಜಿನಿಯರಿಂಗ್ ವಿಭಾಗಕ್ಕೆ ಕಳಿಸುತ್ತಾರೆ. ಸೀಲ್ ಬದಲಿಸಿದ ಪಂಪು ಎಷ್ಟು ಗಂಟೆ ಬಾಳಿಕೆ ಬರುತ್ತದೆ ಅಂತ ಪರೀಕ್ಷೆ ಆಗಬೇಕು. ಆಮೇಲೆ ಹಣಕಾಸಿನವರು ಬರುತ್ತಾರೆ. ವರ್ಷಕ್ಕೆ ಎಷ್ಟು ಪಂಪು ಕೆಡುತ್ತವೆ, ಹೊಸದರ ಬೆಲೆ ಎಷ್ಟು, ಈಗಾಗಲೇ ಗೋದಾಮಿನಲ್ಲಿರುವ ಪಂಪುಗಳ ಗತಿ ಏನು, ಸೀಲ್ ಬದಲಿಸಲು ತಗಲುವ ಕೂಲಿ ಎಷ್ಟು. ಈ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರೆಲ್ಲರಿಗೂ ತಮ್ಮದೇ ಕೆಲಸ ತಲೆಯ ಮೇಲಿದೆ. ಸಲಹೆ ಪರಿಶೀಲಿಸಿದ್ದಕ್ಕೆ ಅವರಿಗೆ ಬಹುಮಾನವಿಲ್ಲ. ತಪ್ಪಾಗಿ ಒಪ್ಪಿ ನಾಳೆ ವಿಮಾನಕ್ಕೆ ಏನಾದರೂ ಆದರೆ ಹೊಣೆ ಮಾತ್ರ ಅವರದು. ಹಾಗಾಗಿ ಕಡತ ಕೂರುತ್ತದೆ. ‘ಬೇಡ’ ಎಂದು ಬರೆಯುವುದು ಸುಲಭ. ಅದಕ್ಕಿಂತ ಸುಲಭ ಏನೂ ಬರೆಯದೆ ಇರುವುದು.

ಇನ್ನೊಂದು ಜಗಳ ‘ಇದು ನಿನ್ನ ಕೆಲಸವೇ ಅಲ್ವಾ’ ಎಂಬುದು. ಸಂಬಳ ಪಡೆದು ಮಾಡುವ ಕೆಲಸವನ್ನು ಚೆನ್ನಾಗಿ ಮಾಡುವ ದಾರಿ ಹೇಳಿದ್ದಕ್ಕೆ ಬೇರೆ ಹಣ ಯಾಕೆ ಎಂದು ಮೇಲಧಿಕಾರಿ ಕೇಳುತ್ತಾರೆ. ಪ್ರಶ್ನೆಯಲ್ಲಿ ಅರ್ಥವಿದೆ. ಖರೀದಿ ವಿಭಾಗದ ಮ್ಯಾನೇಜರ್ ಕಡಿಮೆ ಬೆಲೆಗೆ ಕೊಂಡರೆ ಅದು ಅವರ ಕರ್ತವ್ಯ, ನಿಜ. ಆದರೆ ಗೋದಾಮಿನ ಕೆಲಸಗಾರ ಅದೇ ಮಾತು ಹೇಳಿದರೆ? ಗೆರೆ ಎಲ್ಲಿ ಎಳೆಯಬೇಕು ಅಂತ ಪ್ರತಿ ಸಲಹೆಗೂ ಚರ್ಚೆ ಆಗುತ್ತದೆ. ಒಂದೇ ತಂಡದಲ್ಲಿ ನಾಲ್ವರು ಸೇರಿ ಯೋಚಿಸಿದ್ದನ್ನು ಒಬ್ಬರು ಬರೆದು ಕಳಿಸಿ ದುಡ್ಡು ತಗೊಂಡರೆ ಆ ತಂಡದ ಒಳಗಿನ ನಂಬಿಕೆ ಹೋಗುತ್ತದೆ. ಯೋಜನೆ ನಿಲ್ಲಿಸಬೇಕು ಎನ್ನುವವರ ವಾದದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವುದು ಇದು.

ಅಮೆರಿಕದ ವಾಯುಪಡೆಯಲ್ಲಿ ‘ಐಡಿಯಾ’ ಎಂಬ ಹೆಸರಿನ ಯೋಜನೆ ಬಹಳ ಕಾಲ ನಡೆಯಿತು. ಹತ್ತು ಸಾವಿರ ಡಾಲರ್‌ವರೆಗೆ ನಗದು ಸಿಗುತ್ತಿತ್ತು. 2013ರಲ್ಲಿ ಬಜೆಟ್ ಕಡಿತದ ಬಿಸಿ ಜೋರಾಗಿದ್ದಾಗ ವಾಯುಪಡೆ ಎಲ್ಲರಿಂದ ಉಳಿತಾಯದ ಸಲಹೆ ಕೇಳಿತು. ಹತ್ತು ಸಾವಿರಕ್ಕೂ ಜಾಸ್ತಿ ಬಂದವು. ಮರುವರ್ಷ ಹಳೆಯ ‘ಐಡಿಯಾ’ವನ್ನು ಮುಚ್ಚಿ, ಇನ್ನೆರಡು ಯೋಜನೆಗಳ ಜೊತೆ ಸೇರಿಸಿ ಹೊಸ ಹೆಸರಿನಲ್ಲಿ ಒಂದನ್ನು ತಂದರು. ಇಲ್ಲಿ ಒಂದು ಮೆಚ್ಚಬೇಕಾದ ವಿಷಯ ಇದೆ. ಹಳೆಯದನ್ನು ಮುಚ್ಚಿದರೂ ಸಲಹೆ ಕೊಡುವವರಿಗೆ ಹೋಗಲು ಒಂದು ಬಾಗಿಲು ಉಳಿಸಿದರು. ಮುಚ್ಚುವುದಾದರೆ ಕನಿಷ್ಠ ಹೀಗೆ ಮುಚ್ಚಬೇಕು.

ಶ್ವೇತಭವನದಲ್ಲಿ ಅದೂ ಆಗಲಿಲ್ಲ. ಆ ಹೊತ್ತಿನ ವಾತಾವರಣವನ್ನೂ ನೆನಪಿಡಬೇಕು. 2012ರಲ್ಲಿ ಸರ್ಕಾರಿ ಕಟ್ಟಡ ಮತ್ತು ಖರೀದಿ ನೋಡಿಕೊಳ್ಳುವ ಇಲಾಖೆಯ ಹಗರಣ ಹೊರಬಿತ್ತು. ಅವರು ಲಾಸ್ ವೇಗಸ್‌ನಲ್ಲಿ ಮಾಡಿದ್ದ ಒಂದು ಸಮಾವೇಶದ ಖರ್ಚು 8 ಲಕ್ಷ ಡಾಲರ್ ದಾಟಿತ್ತು. ಅದೇ ಇಲಾಖೆಯ ಒಂದು ವಲಯದಲ್ಲಿ ನೌಕರರು ಒಬ್ಬರಿಗೊಬ್ಬರು ಮೆಚ್ಚುಗೆಯ ಅಂಕ ಕೊಟ್ಟು, ಆ ಅಂಕಕ್ಕೆ ವಸ್ತು ಪಡೆಯುವ ‘ಹ್ಯಾಟ್ಸ್ ಆಫ್’ ಎಂಬ ಬಹುಮಾನದ ಅಂಗಡಿಯಿತ್ತು. ಅಲ್ಲಿಂದ ಐಪಾಡ್‌ಗಳು ಕಾಣೆಯಾಗಿದ್ದವು. ಸಲಹೆ ಯೋಜನೆಗೂ ಇದಕ್ಕೂ ಸಂಬಂಧವಿಲ್ಲ. ಆದರೆ ‘ಸರ್ಕಾರಿ ನೌಕರರಿಗೆ ಬಹುಮಾನ’ ಎಂಬ ಮಾತೇ ಜನರ ಕಿವಿಗೆ ಕೆಟ್ಟದಾಗಿ ಕೇಳಲು ಇಷ್ಟು ಸಾಕಾಯಿತು. 2013ರಲ್ಲಿ ಕಡ್ಡಾಯ ಬಜೆಟ್ ಕಡಿತ ಬಂದಾಗ, ಕಾನೂನಿನಂತೆ ಕೊಡಲೇಬೇಕಾದದ್ದು ಬಿಟ್ಟು ಬೇರೆ ನಗದು ಬಹುಮಾನ ಕೊಡಬೇಡಿ ಎಂದು ಬಜೆಟ್ ಕಚೇರಿ ಸುತ್ತೋಲೆ ಕಳಿಸಿತು. ನೌಕರರನ್ನು ಸಂಬಳವಿಲ್ಲದೆ ಮನೆಗೆ ಕಳಿಸುತ್ತಿದ್ದ ವರ್ಷ ಅದು. ಅಕ್ಟೋಬರ್‌ನಲ್ಲಿ ಸರ್ಕಾರವೇ 16 ದಿನ ಬಾಗಿಲು ಮುಚ್ಚಿತು. ಅಂಥ ಹೊತ್ತಿನಲ್ಲಿ ‘ಹಣ ಉಳಿಸುವ ಉಪಾಯ ಹೇಳಿ’ ಎಂದು ನೌಕರರನ್ನೇ ಕೇಳಲು ಯಾವ ಮುಖ ಇರುತ್ತದೆ?

ಇನ್ನೊಂದು ವಾದ ಮೊತ್ತದ್ದು. ಆಗ ಅಮೆರಿಕದ ಕೇಂದ್ರ ಸರ್ಕಾರದ ವರ್ಷದ ಖರ್ಚು ಸುಮಾರು ಮೂರೂವರೆ ಲಕ್ಷ ಕೋಟಿ ಡಾಲರ್. ಇನ್‌ಹೇಲರ್, ಮುದ್ರಿತ ಪತ್ರ, ಬಸ್ ಪಾಸು ಇವುಗಳಿಂದ ಅದರಲ್ಲಿ ಏನು ವ್ಯತ್ಯಾಸ ಆಗುತ್ತದೆ ಎಂದು ಟೀಕಾಕಾರರು ಕೇಳುತ್ತಿದ್ದರು. ಪಿಂಚಣಿ, ಆರೋಗ್ಯ ವಿಮೆ, ರಕ್ಷಣೆ ಇವೇ ದೊಡ್ಡ ಖರ್ಚುಗಳು. ಅವನ್ನು ಮುಟ್ಟದೆ ಸಣ್ಣಪುಟ್ಟದ್ದನ್ನು ತೋರಿಸುವುದು ಬರೀ ಪ್ರಚಾರ ಎಂಬುದು ಅವರ ಮಾತು. ಬಜೆಟ್ ಕೊರತೆ ತುಂಬುವ ದಾರಿ ಎಂದು ಈ ಸ್ಪರ್ಧೆಯನ್ನು ಮಾರಿದ್ದರೆ ಆ ಟೀಕೆ ಸರಿ. ನನಗೆ ಇದು ಒಪ್ಪಿಗೆಯಾಗದಿರುವುದು ಬೇರೆ ಕಾರಣಕ್ಕೆ. ಔಷಧಿ ಕಸಕ್ಕೆ ಹೋಗುವುದನ್ನು ದಿನಾ ನೋಡುವ ನೌಕರೆಗೆ ಅದು ಒಟ್ಟು ಬಜೆಟ್‌ನ ಎಷ್ಟು ಭಾಗ ಎಂಬುದು ಮುಖ್ಯವಲ್ಲ. ತಾನು ಕೆಲಸ ಮಾಡುವ ಜಾಗಕ್ಕೆ ಬುದ್ಧಿ ಇದೆಯೋ ಇಲ್ಲವೋ ಎಂದು ಅವರು ತೀರ್ಮಾನಿಸುವುದು ಇಂಥದ್ದರಿಂದಲೇ. ಎದುರಿಗೇ ಕಾಣುವ ಸಣ್ಣ ನಷ್ಟವನ್ನು ತಡೆಯಲಾಗದ ಕಚೇರಿಯಲ್ಲಿ ಯಾರೂ ದೊಡ್ಡದರ ಬಗ್ಗೆ ಬಾಯಿ ಬಿಡುವುದಿಲ್ಲ.

ಉಳಿತಾಯದ ಸಲಹೆಗಳು ಸೊರಗಲು ಇನ್ನೂ ಆಳದ ಕಾರಣವೊಂದಿದೆ. ಅದು ಬಜೆಟ್ ನಿಯಮದಲ್ಲೇ ಇದೆ. ಉಳಿಸಿದ ಹಣ ಉಳಿಸಿದ ಕಚೇರಿಗೆ ಸಿಗುವುದಿಲ್ಲ. ವರ್ಷದ ಕೊನೆಗೆ ಖರ್ಚಾಗದ ಹಣ ಕೈತಪ್ಪುತ್ತದೆ. ಮುಂದಿನ ವರ್ಷ ‘ನಿಮಗೆ ಅಷ್ಟು ಬೇಕಿರಲಿಲ್ಲವಲ್ಲ’ ಎಂದು ಅನುದಾನವೂ ಕಡಿಮೆಯಾಗಬಹುದು. ಇದರ ಫಲವನ್ನು ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ ಎಂಬ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳೆದು ತೋರಿಸಿದರು. ಅಮೆರಿಕದ ಹಣಕಾಸು ವರ್ಷ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಆ ಕೊನೆಯ ವಾರದ ಖರೀದಿ ವರ್ಷದ ಉಳಿದ ವಾರಗಳ ಸರಾಸರಿಯ ಸುಮಾರು ಐದು ಪಟ್ಟು. ಹಾಗೆ ಆತುರದಲ್ಲಿ ಕೊಂಡ ಐಟಿ ಯೋಜನೆಗಳ ಗುಣಮಟ್ಟವೂ ಕಡಿಮೆ. ನಮ್ಮಲ್ಲಿ ಮಾರ್ಚ್ ಎಂಡ್ ಹತ್ತಿರ ಬಂದಾಗ ಖಜಾನೆಯಲ್ಲಿ ಬಿಲ್ಲುಗಳ ರಾಶಿ ಬೀಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ ವಿಭಾಗದ ಮುಖ್ಯಸ್ಥರಿಗೆ ಉಳಿತಾಯದ ಸಲಹೆ ಬಂದರೆ ಅವರ ಪಾಲಿಗೆ ಅದು ಎರಡು ಖರ್ಚು. ಬಹುಮಾನದ ಹಣ ಅವರ ಲೆಕ್ಕದಿಂದ ಹೋಗಬೇಕು, ಮುಂದಿನ ವರ್ಷದ ಅನುದಾನವೂ ಕುಗ್ಗಬಹುದು. ಸಲಹೆಯನ್ನು ಬೆಂಬಲಿಸಲು ಅವರಿಗೆ ಏನು ಕಾರಣ ಉಳಿಯಿತು? ಕೆಂಟಕಿಯ ಸೆನೆಟರ್ ರ‍್ಯಾಂಡ್ ಪಾಲ್ ವ್ಯರ್ಥ ಖರ್ಚು ತೋರಿಸಿಕೊಟ್ಟ ನೌಕರರಿಗೆ ಬಹುಮಾನ ಕೊಡುವ ಮಸೂದೆಯನ್ನು ಮತ್ತೆ ಮತ್ತೆ ಮಂಡಿಸುತ್ತಾ ಬಂದಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ನೌಕರರಿಗೆ ಮಾತ್ರ ಆಸೆ ತೋರಿಸಿ, ಕಚೇರಿಗೆ ಉಳಿತಾಯದಲ್ಲಿ ಏನೂ ಬಿಡದಿದ್ದರೆ ಗಂಟು ಬಿಚ್ಚುವುದಿಲ್ಲ.

ಹಣ ಕೊಟ್ಟರೇ ಸಲಹೆ ಬರುತ್ತದೆ ಎಂಬ ನಂಬಿಕೆಯನ್ನೂ ಒಮ್ಮೆ ಪರೀಕ್ಷಿಸಬೇಕು. 1993ರಲ್ಲಿ ಉಪಾಧ್ಯಕ್ಷ ಅಲ್ ಗೋರ್ ಆಡಳಿತ ಸುಧಾರಣೆ ಶುರುಮಾಡಿದರು. ಕೆಲಸ ಸುಲಭ ಮಾಡಿದ ನೌಕರರ ತಂಡಗಳಿಗೆ ಅವರು ಕೊಟ್ಟದ್ದು 6 ಡಾಲರಿನ ಒಂದು ಸುತ್ತಿಗೆ, ಒಂದು ರಿಬ್ಬನ್, ತಾವು ಬರೆದ ಒಂದು ಚೀಟಿ, ಇಷ್ಟನ್ನು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಕೂರಿಸಿ. ಹಿಂದೆ ಸೇನೆಗೆ ಒಂದೊಂದು ಸುತ್ತಿಗೆಗೆ ನೂರಾರು ಡಾಲರ್ ಲೆಕ್ಕ ಹಾಕಿದ್ದ ಹಗರಣಕ್ಕೆ ಅದು ಉತ್ತರ. ಸಾವಿರಕ್ಕೂ ಹೆಚ್ಚು ತಂಡಗಳು ಅದನ್ನು ಪಡೆದವು. ಗೋರ್ ಅಧಿಕಾರ ಬಿಟ್ಟಾಗ ಅದೂ ನಿಂತಿತು. ಇಂಥ ಯೋಜನೆಗಳ ಇನ್ನೊಂದು ದೌರ್ಬಲ್ಯ ಇದೇ. ಒಬ್ಬ ನಾಯಕನ ಹೆಸರಿಗೆ ಅಂಟಿಕೊಂಡಿರುತ್ತವೆ. ಮುಂದೆ ಬಂದವರು ಹಿಂದಿನವರ ಯೋಜನೆಯನ್ನು ತಮ್ಮದು ಎಂದು ಸಾಕುವುದು ಕಡಿಮೆ.

ಜಪಾನಿನ ಟೊಯೊಟಾ ಕಂಪನಿಯದ್ದು ಬೇರೆ ದಾರಿ. 1951ರಲ್ಲಿ ಅವರು ಸಲಹೆ ಪದ್ಧತಿ ಶುರುಮಾಡಿದ್ದು ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಕಂಡದ್ದನ್ನು ಆಧರಿಸಿ. ಆದರೆ ಊರಿಗೆ ತಂದ ಮೇಲೆ ಬದಲಿಸಿಕೊಂಡರು. ಬಹುಮಾನ ಸಣ್ಣದು. ಸಲಹೆಯನ್ನು ನೋಡುವವರು ದೂರದ ಸಮಿತಿಯವರಲ್ಲ, ಅಲ್ಲೇ ಪಕ್ಕದಲ್ಲಿರುವ ಮೇಲ್ವಿಚಾರಕರು. ಅವರು ಬೇಗ ಉತ್ತರ ಹೇಳುತ್ತಾರೆ. ಸಾಧ್ಯವಾದರೆ ಸಲಹೆ ಕೊಟ್ಟವರೇ ಅದನ್ನು ಜಾರಿ ಮಾಡುತ್ತಾರೆ. ಒಂದು ಮೊಳೆಯ ಡಬ್ಬಿಯನ್ನು ಬಲಗಡೆಯಿಂದ ಎಡಗಡೆಗೆ ಇಡುವಂಥ ಸಲಹೆಗೂ ಅಲ್ಲಿ ಬೆಲೆಯಿದೆ. ಉಳಿತಾಯದ ಮೊತ್ತ ಲೆಕ್ಕ ಹಾಕುವ ಜಂಜಾಟ ಇಂಥದ್ದಕ್ಕೆ ಬೇಕಾಗುವುದೇ ಇಲ್ಲ. ಸರ್ಕಾರವನ್ನು ಕಾರ್ಖಾನೆಯ ಹಾಗೆ ನಡೆಸಲಾಗದು ಎಂದು ಹೇಳುವವರಿದ್ದಾರೆ. ನಿಯಮ ಬದಲಿಸಬೇಕಾದ ಸಲಹೆಗೆ ಆ ಮಾತು ನಿಜ. ಆದರೆ ಕಚೇರಿಯ ಬಹುಪಾಲು ತೊಂದರೆಗೆ ನಿಯಮ ಕಾರಣವೇ ಅಲ್ಲ. ಅಭ್ಯಾಸ ಕಾರಣ. ಫೆಡರಲ್ ರಿಜಿಸ್ಟರ್ ಯಾರೂ ಓದದ ಮೇಜಿಗೆ ಹೋಗುತ್ತಿದ್ದದ್ದು ಅಂಥ ಅಭ್ಯಾಸವೇ.

ಕೇಳುವ ಪದ್ಧತಿ ಹೋದರೆ ಆ ಜಾಗಕ್ಕೆ ಏನು ಬರುತ್ತದೆ? 2025ರಲ್ಲಿ ಅದೂ ಕಂಡಿತು. ಫೆಬ್ರವರಿ 22, ಶನಿವಾರ. ಅಮೆರಿಕದ ಲಕ್ಷಾಂತರ ನೌಕರರಿಗೆ ಸಿಬ್ಬಂದಿ ನಿರ್ವಹಣಾ ಕಚೇರಿಯಿಂದ ಒಂದು ಇಮೇಲ್ ಬಂತು. ‘ಕಳೆದ ವಾರ ನೀವು ಏನು ಮಾಡಿದಿರಿ?’ ಸುಮಾರು ಐದು ಅಂಶಗಳಲ್ಲಿ ಬರೆದು ಸೋಮವಾರ ರಾತ್ರಿಯೊಳಗೆ ಕಳಿಸಿ ಎಂದಿತ್ತು. ಉತ್ತರ ಕೊಡದಿದ್ದರೆ ರಾಜೀನಾಮೆ ಎಂದು ತಿಳಿಯಲಾಗುವುದು ಎಂದು, ಆಗ ಸರ್ಕಾರದ ಖರ್ಚು ಕಡಿತದ ಅಭಿಯಾನ ನಡೆಸುತ್ತಿದ್ದ ಉದ್ಯಮಿ ಇಲಾನ್ ಮಸ್ಕ್ ಬರೆದರು. ಅದು ಇಮೇಲ್‌ನಲ್ಲಿ ಇರಲಿಲ್ಲ, ಅವರ ಸಾಮಾಜಿಕ ಜಾಲತಾಣದ ಪೋಸ್ಟ್‌ನಲ್ಲಿತ್ತು. ಎಫ್‌ಬಿಐ, ರಕ್ಷಣಾ ಇಲಾಖೆ, ವಿದೇಶಾಂಗ ಇಲಾಖೆಗಳು ತಮ್ಮವರಿಗೆ ಸದ್ಯಕ್ಕೆ ಉತ್ತರಿಸಬೇಡಿ ಎಂದವು. ಆಮೇಲೆ ಅದು ಕಡ್ಡಾಯವೋ ಐಚ್ಛಿಕವೋ ಎಂಬ ಗೊಂದಲ. ಆಗಸ್ಟ್‌ನಲ್ಲಿ ಅದೇ ಕಚೇರಿ ಈ ಪದ್ಧತಿಯನ್ನು ಕೈಬಿಟ್ಟಿತು.

ಎರಡೂ ಸಲ ಸರ್ಕಾರ ಹೇಳಿದ ಉದ್ದೇಶ ಒಂದೇ, ದುಂದು ವೆಚ್ಚ ತಡೆಯುವುದು. ಎರಡೂ ಸಲ ನೇರವಾಗಿ ನೌಕರರಿಗೇ ಬರೆಯಿತು. 2009ರ ಪ್ರಶ್ನೆ ‘ನಿಮಗೆ ಏನು ಕಾಣುತ್ತಿದೆ’ ಎಂದು ಕೇಳಿತು. 2025ರ ಪ್ರಶ್ನೆ ‘ನೀವು ಇರಬೇಕೇ’ ಎಂದು ಕೇಳಿದ ಹಾಗಿತ್ತು. ಎರಡನೆಯದಕ್ಕೆ ಉತ್ತರಿಸುವಾಗ ಯಾವ ನೌಕರರೂ ‘ನನ್ನ ವಿಭಾಗದಲ್ಲಿ ಈ ಕೆಲಸ ಬೇಕಾಗಿಲ್ಲ’ ಎಂದು ಬರೆಯುವುದಿಲ್ಲ. ಬರೆದರೆ ಮೊದಲು ಹೋಗುವುದು ಅವರ ಕೆಲಸವೇ. ನಷ್ಟ ಎಲ್ಲಿದೆ ಎಂದು ಗೊತ್ತಿರುವವರ ಬಾಯಿಯನ್ನು ಮುಚ್ಚಿಸಿ ನಷ್ಟ ಹುಡುಕಲು ಹೊರಟರು. ಆ ವರ್ಷ ಸುಮಾರು 3 ಲಕ್ಷ ಜನ ಅಲ್ಲಿನ ಕೇಂದ್ರ ಸರ್ಕಾರದ ಕೆಲಸದಿಂದ ಹೊರಗೆ ಹೋದರು. ಯಾವ ಕಟ್ಟು ಯಾರ ಮೇಜಿಗೆ ವೃಥಾ ಬರುತ್ತದೆ ಎಂದು ಬಲ್ಲವರು ಅವರಲ್ಲಿ ಎಷ್ಟು ಮಂದಿ ಇದ್ದರೋ.

ನಮ್ಮ ದೇಶದಲ್ಲೂ ಇದರ ಒಂದು ಎಳೆಯಿದೆ. ಕಾರ್ಖಾನೆಗಳ ಕಾರ್ಮಿಕರು ಕೊಡುವ ಒಳ್ಳೆಯ ಸಲಹೆಗಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯ 1965ರಿಂದ ಪ್ರಶಸ್ತಿ ಕೊಡುತ್ತಾ ಬಂತು. ಆಗ ‘ಶ್ರಮ ವೀರ’ ಎಂದಿತ್ತು, ಆಮೇಲೆ ‘ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರ’ವಾಯಿತು. ಉತ್ಪಾದನೆ, ಸುರಕ್ಷತೆ, ಆಮದು ತಪ್ಪಿಸುವುದು, ಇಂಥ ಸಲಹೆಗಳಿಗೆ ಅದು. ಇದು ಕಾರ್ಖಾನೆಯ ಕಾರ್ಮಿಕರಿಗೆ. ತಾಲ್ಲೂಕು ಕಚೇರಿಯ ಕೇಸ್ ವರ್ಕರ್‌ಗೆ, ಪಂಚಾಯಿತಿಯ ಬಿಲ್ ಕಲೆಕ್ಟರ್‌ಗೆ, ಪಿಎಚ್‌ಸಿಯ ನರ್ಸ್‌ಗೆ ಇಂಥದ್ದೊಂದು ದಾರಿ ಎಲ್ಲಿದೆ? ಏಪ್ರಿಲ್ 21ರ ನಾಗರಿಕ ಸೇವಾ ದಿನದಂದು ಕರ್ನಾಟಕ ಸರ್ಕಾರ ‘ಸರ್ವೋತ್ತಮ ಸೇವಾ ಪ್ರಶಸ್ತಿ’ ಕೊಡುತ್ತದೆ. ಅದು ಮಾಡಿದ ಕೆಲಸಕ್ಕೆ ಮೆಚ್ಚುಗೆ, ಒಳ್ಳೆಯದೇ. ಸುಧಾರಣೆಗೆ ಆಯೋಗಗಳಿವೆ. ಹಿಂದೆ ಹಾರನಹಳ್ಳಿ ರಾಮಸ್ವಾಮಿ ಅವರದು, ಆಮೇಲೆ ಟಿ.ಎಂ. ವಿಜಯಭಾಸ್ಕರ್ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ. ಆಯೋಗ ವರದಿ ಕೊಟ್ಟು ಹೋಗುತ್ತದೆ. ಮೇಜಿನ ಮುಂದೆ ಕೂತವರಿಗೆ ಮರುದಿನ ಹೊಳೆದದ್ದನ್ನು ಹೇಳಲು ಆಯೋಗ ಇರುವುದಿಲ್ಲ.

ಕರ್ನಾಟಕದ ಬಳಿ ಅಮೆರಿಕದವರಿಗೆ ಹೊಳೆಯದ ಒಂದು ಸಾಧನ ಆಗಲೇ ಇದೆ, ಸಕಾಲ. 2011ರ ಆ ಕಾಯ್ದೆ ಪ್ರಕಾರ ನಾಗರಿಕರ ಅರ್ಜಿಗೆ ಇಂತಿಷ್ಟು ದಿನದಲ್ಲಿ ಉತ್ತರ ಕೊಡಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ಕಡತಕ್ಕೆ ಒಂದು ಗಡುವು ಬಂತು, ತಡವಾದದ್ದು ಯಾರ ಮೇಜಿನಲ್ಲಿ ಎಂದು ಕಂಪ್ಯೂಟರ್‌ನಲ್ಲಿ ಕಾಣುವಂತಾಯಿತು. ನೌಕರರ ಸಲಹೆಗೂ ಇದೇ ರೀತಿ ಒಂದು ಸ್ವೀಕೃತಿ ಸಂಖ್ಯೆ, 30 ದಿನದ ಗಡುವು, ಹೌದು ಅಥವಾ ಇಲ್ಲ ಎಂದು ಕಾರಣ ಸಹಿತ ಒಂದು ಸಾಲು ಬರೆಯುವ ಹೊಣೆ ಇಟ್ಟರೆ ಏನು ಕಷ್ಟ? ಇದಕ್ಕೆ ಬಹುಮಾನದ ಹಣ ಬೇಡ, ಮುಖ್ಯಮಂತ್ರಿಗಳ ಜೊತೆ ಫೋಟೊ ಬೇಡ. ಉಳಿತಾಯ ಆದರೆ ಅದರಲ್ಲಿ ಒಂದು ಪಾಲು ಅದೇ ಕಚೇರಿಯಲ್ಲಿ ಉಳಿಯಲಿ. ಫ್ಯಾನ್ ರಿಪೇರಿಗೋ, ಹೊಸ ಪ್ರಿಂಟರ್‌ಗೋ, ಸಾರ್ವಜನಿಕರು ಕೂರುವ ಬೆಂಚಿಗೋ ಅವರೇ ಬಳಸಿಕೊಳ್ಳಲಿ. ಆಗ ಮೇಲ್ವಿಚಾರಕರಿಗೂ ಸಲಹೆಯನ್ನು ಮುಂದೆ ತಳ್ಳಲು ಕಾರಣ ಸಿಗುತ್ತದೆ.

ಅಮೆರಿಕದ ಮಟ್ಟಿಗೆ ಹೇಳುವುದಾದರೆ, 45ನೇ ಅಧ್ಯಾಯ ಇನ್ನೂ ಜೀವಂತ ಇದೆ. ಹೊಸ ಕಾನೂನು ಮಾಡದೆಯೇ ಯಾವ ಇಲಾಖೆಯ ಮುಖ್ಯಸ್ಥರಾದರೂ ನಾಳೆಯೇ ತಮ್ಮವರಿಂದ ಸಲಹೆ ಕೇಳಬಹುದು, ಬೇಕಿದ್ದರೆ ನಗದೂ ಕೊಡಬಹುದು. ಆದರೆ ಬಂದ ಸಲಹೆಗೆ ಇಷ್ಟು ದಿನದಲ್ಲಿ ಉತ್ತರಿಸಬೇಕು ಎಂಬ ಮಾತು ಆ ಅಧ್ಯಾಯದಲ್ಲಿ ಇಲ್ಲ. ಮಸೂದೆ ತರುವವರು ಬಹುಮಾನದ ಮೊತ್ತ ಹೆಚ್ಚಿಸುವ ಬದಲು ಆ ಒಂದು ಸಾಲನ್ನು ಸೇರಿಸಲಿ.